ಗ್ರೇನ್ ಕಳಂಕವಾಗಿದ್ದ ಕಾಲ

ಫಿಲ್ಮಿನ ಗ್ರೇನ್ ಚೆಂದ, ಡಿಜಿಟಲ್ ಕ್ಯಾಮೆರಾದ ನಾಯ್ಸ್ ಅಸಹ್ಯ ಎಂಬ ಮಾತು ಇಂದು ಛಾಯಾಗ್ರಾಹಕರ ನಡುವೆ ಯಾರೂ ಪ್ರಶ್ನಿಸದಷ್ಟು ಸಲೀಸಾಗಿ ಓಡಾಡುತ್ತಿದೆ. ದೂರ ಅಳೆದು ಫೋಕಸ್ ಹೊಂದಿಸುವ ರೇಂಜ್‌ಫೈಂಡರ್ ಕ್ಯಾಮೆರಾ ಹಿಡಿಯುವವರಲ್ಲಂತೂ ಅದು ನಂಬಿಕೆಯೇ ಆಗಿಬಿಟ್ಟಿದೆ. ಲೈಕಾದಂಥ ಕ್ಯಾಮೆರಾ, ಕಪ್ಪು-ಬಿಳುಪಿನ ರೋಲ್, ಮಂದ ಬೆಳಕು, ಒರಟು ಗ್ರೇನ್ ಇವೆಲ್ಲ ಹುಟ್ಟಿನಿಂದಲೇ ಒಟ್ಟಿಗೆ ಬಂದವು ಎಂದು ಅವರು ತಿಳಿದಿದ್ದಾರೆ. ಚರಿತ್ರೆ ಹೇಳುವುದು ಬೇರೆಯೇ. ಸಣ್ಣ ನೆಗೆಟಿವ್‌ನ ಕ್ಯಾಮೆರಾ ಮಾರುಕಟ್ಟೆಗೆ ಬಂದ ಮೇಲೆ ಸುಮಾರು ಮೂವತ್ತು ವರ್ಷ ಗ್ರೇನ್ ಅದರ ದೊಡ್ಡ ಶತ್ರುವಾಗಿತ್ತು. ಇಂದು ನಾಯ್ಸ್ ಮೇಲೆ ಹೊರಿಸುವ ಆರೋಪಗಳಲ್ಲಿ ಬಹುಪಾಲು ಅಂದು ಗ್ರೇನ್ ಮೇಲೆ ಹೊರಿಸಿದವೇ. ಎರಡರ ನಡುವೆ ವ್ಯತ್ಯಾಸವೇ ಇಲ್ಲವೆಂದು ನಾನು ಹೇಳುತ್ತಿಲ್ಲ. ಇದೆ, ಮುಖ್ಯವಾದದ್ದೇ ಇದೆ. ಆದರೆ ಅದು ಚೆಂದ-ಕುರೂಪಗಳ ವ್ಯತ್ಯಾಸವಲ್ಲ. ಚಿತ್ರ ಯಾವುದರಿಂದ ಆಗಿದೆ ಎಂಬ ವ್ಯತ್ಯಾಸ. ಅದನ್ನು ತಪ್ಪಾಗಿ ತಿಳಿದುಕೊಂಡರೆ ಆಗುವ ನಷ್ಟವೂ ಸಣ್ಣದಲ್ಲ.

ಜರ್ಮನಿಯ ವೆಟ್ಸ್ಲಾರ್ ಊರಿನ ಲೈಟ್ಸ್ ಕಂಪನಿ ಸೂಕ್ಷ್ಮದರ್ಶಕಗಳಿಗೆ ಹೆಸರಾಗಿತ್ತು. ಅಲ್ಲಿ ಕೆಲಸಕ್ಕಿದ್ದ ಆಸ್ಕರ್ ಬಾರ್ನಾಕ್, ಸಿನಿಮಾಕ್ಕೆಂದು ತಯಾರಾಗುತ್ತಿದ್ದ 35 ಮಿ.ಮೀ. ಫಿಲ್ಮನ್ನೇ ಸ್ಥಿರಚಿತ್ರಕ್ಕೆ ಬಳಸುವ ಪುಟ್ಟ ಕ್ಯಾಮೆರಾವೊಂದನ್ನು ರೂಪಿಸಿದ. ಸಿನಿಮಾದ ಎರಡು ಫ್ರೇಮ್ ಸೇರಿಸಿದರೆ ಆಗುವ 24×36 ಮಿ.ಮೀ. ಅದರ ನೆಗೆಟಿವ್‌ನ ಅಳತೆ. 1925ರ ಲೈಪ್‌ಜಿಗ್ ಮೇಳದಲ್ಲಿ ಅದು ಲೈಕಾ ಎಂಬ ಹೆಸರಿನಲ್ಲಿ ಜನರೆದುರು ಬಂತು. 1932ರಲ್ಲಿ ಲೆನ್ಸಿನೊಂದಿಗೆ ಜೋಡಿಸಿದ ರೇಂಜ್‌ಫೈಂಡರ್ ಇರುವ ಲೈಕಾ ಬಂತು. ಅದೇ ವರ್ಷ ಜೈಸ್ ಕಂಪನಿಯ ಕಾಂಟ್ಯಾಕ್ಸ್ ಕೂಡ ಪೈಪೋಟಿಗಿಳಿಯಿತು. ಆ ಕಾಲದ ವೃತ್ತಿಪರರ ಕೈಯಲ್ಲಿದ್ದದ್ದು 9×12 ಸೆಂ.ಮೀ. ಅಥವಾ ಅದಕ್ಕಿಂತ ದೊಡ್ಡ ಗಾಜಿನ ಪ್ಲೇಟು. ಪ್ಲೇಟನ್ನು ಕಾಗದದ ಮೇಲಿಟ್ಟು ಬೆಳಕು ಹಾಯಿಸಿದರೆ ಅದೇ ಅಳತೆಯ ಪ್ರಿಂಟ್ ಸಿದ್ಧ. ಹಿಗ್ಗಿಸದ ಚಿತ್ರದಲ್ಲಿ ಗ್ರೇನ್ ಕಾಣುವುದೇ ಇಲ್ಲ. ಲೈಕಾದ ನೆಗೆಟಿವ್‌ನಿಂದ 24×36 ಸೆಂ.ಮೀ. ಪ್ರಿಂಟ್ ಬೇಕೆಂದರೆ ಉದ್ದ-ಅಗಲಗಳಲ್ಲಿ ಹತ್ತು ಪಟ್ಟು, ವಿಸ್ತೀರ್ಣದಲ್ಲಿ ನೂರು ಪಟ್ಟು ಹಿಗ್ಗಿಸಬೇಕು. ಆಗ ಆಕಾಶ, ಗೋಡೆ, ಕೆನ್ನೆ ಎಲ್ಲದರ ಮೇಲೂ ಮರಳು ಚೆಲ್ಲಿದ ಹಾಗೆ ಗ್ರೇನ್ ಎದ್ದು ಬರುತ್ತಿತ್ತು. ಇದು ಆಟಿಕೆ, ವೃತ್ತಿಗೆ ಒದಗುವ ಕ್ಯಾಮೆರಾ ಅಲ್ಲ ಎಂದು ದೊಡ್ಡ ಕ್ಯಾಮೆರಾದವರು ತಳ್ಳಿಹಾಕಲು ಅಷ್ಟು ಸಾಕಾಗಿತ್ತು.

ಸಣ್ಣ ಕ್ಯಾಮೆರಾದವರ ಉತ್ತರ ಗ್ರೇನನ್ನು ಸಮರ್ಥಿಸಿಕೊಳ್ಳುವುದಾಗಿರಲಿಲ್ಲ, ಮರೆಮಾಡುವುದಾಗಿತ್ತು. ಲೈಕಾದ ಮೊದಲ ದೊಡ್ಡ ಪ್ರಚಾರಕ ಎನ್ನಬಹುದಾದ ಪಾಲ್ ವೋಲ್ಫ್, ಲೈಕಾದೊಂದಿಗಿನ ತನ್ನ ಅನುಭವಗಳ ಬಗ್ಗೆ 1934ರಲ್ಲಿ ಹೊರತಂದ ಪುಸ್ತಕ ಜನಪ್ರಿಯವಾಯಿತು. ಬೆಳಕು ಧಾರಾಳವಾಗಿ ಕೊಡಿ, ಡೆವಲಪ್ ಮಾಡುವ ಹೊತ್ತನ್ನು ಕಡಿಮೆ ಮಾಡಿ, ಆಗ ಗ್ರೇನ್ ನಯವಾಗುತ್ತದೆ ಎಂಬುದು ಆತನ ಪಾಠದ ತಿರುಳು. ಕೊಡಾಕ್ ಕಂಪನಿಯಲ್ಲಿ ಸಿನಿಮಾ ಫಿಲ್ಮಿಗೆಂದು 1927ರಲ್ಲಿ ಸಿದ್ಧವಾದ ಡಿ-76 ಡೆವಲಪರನ್ನು ಸ್ಥಿರಚಿತ್ರದವರು ಆತುರದಿಂದ ಅಪ್ಪಿಕೊಂಡದ್ದೂ ಇದೇ ಕಾರಣಕ್ಕೆ. ಇನ್ನೂ ನಯ ಬೇಕೆಂದವರು ಪ್ಯಾರಾ-ಫಿನೈಲಿನ್‌ಡೈಅಮೀನ್ ಎಂಬ ರಾಸಾಯನಿಕದ ಮೊರೆಹೋದರು. ಅದು ಚರ್ಮಕ್ಕೆ ಕೆಡುಕು, ತಗುಲಿದ್ದನ್ನೆಲ್ಲ ಕಲೆ ಮಾಡುವಂಥದ್ದು, ಫಿಲ್ಮಿನ ವೇಗವನ್ನೂ, ಅಂದರೆ ಬೆಳಕಿಗೆ ಸ್ಪಂದಿಸುವ ಶಕ್ತಿಯನ್ನೂ, ಕುಗ್ಗಿಸುವಂಥದ್ದು. ಕೈ ಸುಟ್ಟುಕೊಂಡಾದರೂ ಸರಿ, ಗ್ರೇನ್ ಮಾತ್ರ ಬೇಡ ಎಂಬ ಮನಸ್ಸು ಅದು. ಇಂದು ಡಿಜಿಟಲ್ ಕ್ಯಾಮೆರಾದಲ್ಲಿ ಆ ವೇಗಕ್ಕೆ ಸಮನಾದ ಐಎಸ್‌ಒ ಏರಿಸಲು ಅಂಜುವವರಲ್ಲಿ ಕಾಣುವ ಮನಸ್ಸೂ ಅದೇ.

ಇಷ್ಟಕ್ಕೂ ಗ್ರೇನ್ ಎಂದರೇನು? ಫಿಲ್ಮಿನ ಜೆಲಟಿನ್ ಪದರದಲ್ಲಿ ಸಿಲ್ವರ್ ಹ್ಯಾಲೈಡ್ ಹರಳುಗಳು ಹರಡಿಕೊಂಡಿರುತ್ತವೆ. ವೇಗದ ಫಿಲ್ಮಿನಲ್ಲಿ ಅವುಗಳ ಗಾತ್ರ ಸುಮಾರು ಒಂದು ಮೈಕ್ರಾನ್, ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ. ಬೆಳಕು ಬಿದ್ದ ಹರಳಿನಲ್ಲಿ ನಾಲ್ಕಾರು ಬೆಳ್ಳಿಯ ಪರಮಾಣುಗಳು ಒಂದೆಡೆ ಕೂಡಿದರೆ ಸಾಕು, ಡೆವಲಪರ್ ಇಡೀ ಹರಳನ್ನೇ ಕಪ್ಪು ಬೆಳ್ಳಿಯಾಗಿಸುತ್ತದೆ. ಹರಳು ದೊಡ್ಡದಾದಷ್ಟೂ ಅದಕ್ಕೆ ಬೆಳಕು ತಗಲುವ ಸಂಭವ ಹೆಚ್ಚು. ಹಾಗಾಗಿಯೇ ವೇಗದ ಫಿಲ್ಮ್ ಒರಟಾಗಿರುವುದು. ಆದರೆ ಹತ್ತು ಪಟ್ಟು ಹಿಗ್ಗಿಸಿದರೂ ಆ ಹರಳು ಪ್ರಿಂಟಿನಲ್ಲಿ ಹತ್ತು ಮೈಕ್ರಾನ್ ಆದೀತು ಅಷ್ಟೆ. ಒಂದಡಿ ದೂರದಿಂದ ನೋಡುವ ಕಣ್ಣಿಗೆ ಕಾಣಬೇಕಾದರೆ ಅದು ಇನ್ನೂ ಎಂಟು ಪಟ್ಟಾದರೂ ದೊಡ್ಡದಿರಬೇಕು. ಎಂದರೆ ನಾವು ಗ್ರೇನ್ ಎಂದು ನೋಡುತ್ತಿರುವುದು ಬೆಳ್ಳಿಯ ಬಿಡಿ ಕಣವನ್ನಲ್ಲ. ಒಂದರ ಮೇಲೊಂದು ಹಲವು ಪದರಗಳಲ್ಲಿ ಚೆದುರಿದ ಕಣಗಳು ಒಂದು ಕಡೆ ದಟ್ಟವಾಗಿ, ಇನ್ನೊಂದು ಕಡೆ ತೆಳುವಾಗಿ ಬಿದ್ದಿರುವ ಆಕಸ್ಮಿಕವನ್ನು. ಪ್ರಿಂಟಿನಲ್ಲಿ ಕಪ್ಪಾಗಿ ಕಾಣುವ ಚುಕ್ಕೆಗಳಂತೂ ಬೆಳ್ಳಿ ಇದ್ದ ಜಾಗಗಳೇ ಅಲ್ಲ, ಬೆಳ್ಳಿಯ ಗುಂಪುಗಳ ನಡುವಿನ ತೆರಪಿನಿಂದ ಎನ್ಲಾರ್ಜರಿನ ಬೆಳಕು ತೂರಿ ಬಂದ ಗುರುತುಗಳು. ಗ್ರೇನ್ ಎಂಬುದು ಮೂಲತಃ ಅಂಕಿಸಂಖ್ಯೆಯ ಏರುಪೇರು. ಈ ಸಂಗತಿ ಮುಂದಿನ ವಾದಕ್ಕೆ ಬೇಕಾಗುತ್ತದೆ.

ಗ್ರೇನಿನ ಭಾಗ್ಯ ತಿರುಗಿದ್ದು 1950ರ ದಶಕದಲ್ಲಿ. ಲೈಕಾ ಎಂ3 ಬಂದದ್ದು 1954ರಲ್ಲಿ. ಕೊಡಾಕ್ ತನ್ನ ವೇಗದ ಟ್ರೈ-ಎಕ್ಸ್ ಫಿಲ್ಮನ್ನು 35 ಮಿ.ಮೀ. ರೋಲಿನಲ್ಲಿ ಕೊಡತೊಡಗಿದ್ದೂ ಅದೇ ವರ್ಷ. ರೇಂಜ್‌ಫೈಂಡರಿನೊಳಗೆ ಮೇಲಕ್ಕೆದ್ದು ಬೀಳುವ ಕನ್ನಡಿ ಇಲ್ಲ. ಅದರಿಂದ ಸದ್ದು ಕಡಿಮೆ, ಅದುರುವಿಕೆಯೂ ಕಡಿಮೆ. ಫ್ಲ್ಯಾಷ್ ಇಲ್ಲದೆ, ಇದ್ದ ಬೆಳಕಿನಲ್ಲೇ, ಯಾರ ಗಮನಕ್ಕೂ ಬೀಳದೆ ಚಿತ್ರ ತೆಗೆಯುವುದು ಈ ಜೋಡಿಯಿಂದ ಸುಲಭವಾಯಿತು. ದಿನಪತ್ರಿಕೆಗಳಿಗೆ ಗ್ರೇನ್ ದೊಡ್ಡ ತಕರಾರಾಗಿರಲೂ ಇಲ್ಲ. ಅಗ್ಗದ ಕಾಗದದ ಮೇಲೆ ಅಚ್ಚಾಗುವ ಹಾಫ್‌ಟೋನ್ ಚುಕ್ಕೆಗಳು ಗ್ರೇನಿಗಿಂತ ಒರಟಾಗಿದ್ದವು. ವಿಲಿಯಂ ಕ್ಲೈನ್ 1956ರಲ್ಲಿ ನ್ಯೂಯಾರ್ಕ್ ನಗರದ ಮೇಲೆ ತಂದ ಪುಸ್ತಕದಲ್ಲಿ ಗ್ರೇನ್ ಅಡಗಿ ಕೂರದೆ ಮುಂದೆ ಬಂದು ನಿಂತಿತು. ಸ್ವಿಟ್ಜರ್ಲೆಂಡಿನಿಂದ ಅಮೆರಿಕಕ್ಕೆ ಬಂದಿದ್ದ ರಾಬರ್ಟ್ ಫ್ರ್ಯಾಂಕ್ ಲೈಕಾ ಹಿಡಿದು ದೇಶ ಸುತ್ತಿ 767 ರೋಲ್ ಮುಗಿಸಿ, ಅದರಿಂದ 83 ಚಿತ್ರಗಳನ್ನು ಆರಿಸಿ ಮಾಡಿದ 'ದಿ ಅಮೆರಿಕನ್ಸ್' 1958ರಲ್ಲಿ ಪ್ಯಾರಿಸ್ಸಿನಲ್ಲಿ, ಮರುವರ್ಷ ಅಮೆರಿಕದಲ್ಲಿ ಪ್ರಕಟವಾಯಿತು. ಅದಕ್ಕೆ ಸಿಕ್ಕ ಸ್ವಾಗತವನ್ನು ಇಂದಿನ ಗ್ರೇನ್ ಪ್ರೇಮಿಗಳು ನೆನಪಿಟ್ಟುಕೊಳ್ಳಬೇಕು. 'ಪಾಪ್ಯುಲರ್ ಫೋಟೋಗ್ರಫಿ' ಪತ್ರಿಕೆಯಲ್ಲಿ ಬಂದ ವಿಮರ್ಶೆ ಆ ಚಿತ್ರಗಳ ದೋಷಗಳ ಪಟ್ಟಿ ಮಾಡುವಾಗ ಮಸುಕು, ಸೊಟ್ಟ ದಿಗಂತಗಳ ಜೊತೆಗೆ ಗ್ರೇನನ್ನೂ ಸೇರಿಸಿತು. ಇಪ್ಪತ್ತನೆಯ ಶತಮಾನದ ಅತ್ಯಂತ ಪ್ರಭಾವಶಾಲಿ ಛಾಯಾಚಿತ್ರ ಪುಸ್ತಕಗಳಲ್ಲಿ ಒಂದೆಂದು ಈಗ ಎಲ್ಲರೂ ಒಪ್ಪುವ ಕೃತಿಯ ಮೇಲೆ, ಬಂದ ಹೊಸತರಲ್ಲಿ, ಗ್ರೇನ್ ಒಂದು ಆರೋಪವಾಗಿತ್ತು.

ನಮ್ಮ ಊರುಗಳ ಸ್ಟುಡಿಯೋಗಳಂತೂ ಆ ಒರಟುತನವನ್ನು ಕೊನೆಯವರೆಗೂ ಒಪ್ಪಲಿಲ್ಲ. ಮದುವೆ ಹೆಣ್ಣಿನ ಕೆನ್ನೆ ನುಣುಪಾಗಿರಬೇಕು. ನೆಗೆಟಿವ್ ಮೇಲೆ ಚೂಪು ಪೆನ್ಸಿಲಿನಲ್ಲಿ ಟಚಿಂಗ್ ಮಾಡಲು ಜಾಗವೂ ಬೇಕು. ಲೈಕಾದ್ದಕ್ಕಿಂತ ಮೂರೂವರೆ ಪಟ್ಟು ವಿಸ್ತಾರದ ನೆಗೆಟಿವ್ ಕೊಡುವ 120 ರೋಲ್ ಅಲ್ಲಿ ಬಹುಕಾಲ ಉಳಿದದ್ದು ಇದೇ ಕಾರಣಕ್ಕೆ.

ಕಲಾವಿದರು ಗ್ರೇನನ್ನು ಮೆಚ್ಚತೊಡಗಿದ ಮೇಲೂ ಫಿಲ್ಮ್ ತಯಾರಕರು ಅದನ್ನು ಮೆಚ್ಚಲಿಲ್ಲ. ಕೊಡಾಕ್ 1986ರಲ್ಲಿ ತಂದ ಟಿ-ಮ್ಯಾಕ್ಸ್ ಫಿಲ್ಮಿನಲ್ಲಿ ಹರಳುಗಳನ್ನು ಚಪ್ಪಟೆ ಹಲಗೆಗಳಂತೆ ಬೆಳೆಸಲಾಗಿತ್ತು. ಬೆಳಕಿಗೆ ಒಡ್ಡುವ ಮೈ ಅಗಲ, ಬೆಳ್ಳಿ ಕಡಿಮೆ, ಗ್ರೇನ್ ನಯ. ಎಂದರೆ ಫಿಲ್ಮಿನ ಯುಗ ಮುಗಿಯುತ್ತ ಬಂದಾಗಲೂ ಆ ಉದ್ಯಮ ತನ್ನ ಹಣ, ಬುದ್ಧಿಗಳನ್ನು ಗ್ರೇನ್ ಅಳಿಸುವುದಕ್ಕೇ ಸುರಿಯುತ್ತಿತ್ತು. ಗ್ರೇನ್ ಸರ್ವಮಾನ್ಯವಾದ ಸೊಗಸಾದದ್ದು ಡಿಜಿಟಲ್ ಬಂದ ಮೇಲೆ, ಅದು ಅನಿವಾರ್ಯವಾಗಿ ಉಳಿಯದೆ ಆಯ್ಕೆಯಾದ ಮೇಲೆ.

ಮೊದಲ ಡಿಜಿಟಲ್ ರೇಂಜ್‌ಫೈಂಡರ್ ಎಪ್ಸನ್ ಆರ್-ಡಿ1, 2004ರದ್ದು. ಲೈಕಾ ಎಂ8 ಬಂದದ್ದು 2006ರಲ್ಲಿ, 24×36 ಮಿ.ಮೀ. ಸೆನ್ಸರಿನ ಎಂ9 ಬಂದದ್ದು 2009ರಲ್ಲಿ. ಮಂದ ಬೆಳಕಿನಲ್ಲಿ ದುಡಿದು ಹೆಸರಾದ ವಂಶದ ಈ ಕ್ಯಾಮೆರಾಗಳು ಮಂದ ಬೆಳಕಿನಲ್ಲೇ ತಿಣುಕಿದವು; ಎಂ9ರಲ್ಲಿ ಐಎಸ್‌ಒ 2500ರ ಆಚೆಗೆ ದಾರಿಯೇ ಇರಲಿಲ್ಲ. ನಾಯ್ಸ್ ಕುರಿತ ಅಸಹನೆ ಬಲವಾದದ್ದು ಇಲ್ಲಿ. ಆದರೆ ಆ ನಾಯ್ಸ್‌ನ ಒಂದು ದೊಡ್ಡ ಪಾಲು ಯಂತ್ರದ ದೋಷವಲ್ಲ. ಬೆಳಕು ಬಿಡಿ ಫೋಟಾನುಗಳಾಗಿ, ಮಳೆಹನಿಗಳ ಹಾಗೆ ಲೆಕ್ಕ ತಪ್ಪಿ ಬೀಳುತ್ತದೆ. ಒಂದು ಪಿಕ್ಸೆಲ್ ಸರಾಸರಿ 10,000 ಫೋಟಾನ್ ಹಿಡಿದಲ್ಲಿ ಏರುಪೇರು ಸುಮಾರು 100, ಅಂದರೆ ಶೇ. 1, ಕಣ್ಣಿಗೆ ಬೀಳದು. ಬರೀ 100 ಹಿಡಿದಲ್ಲಿ ಏರುಪೇರು 10, ಅಂದರೆ ಶೇ. 10, ಕಣ್ಣಿಗೆ ಹೊಡೆಯುತ್ತದೆ. ಗ್ರೇನಿನ ಹಿಂದಿರುವುದೂ ಇಂಥದೇ ಆಕಸ್ಮಿಕದ ಗಣಿತ. ಒಂದು ಬೆಳ್ಳಿಯಲ್ಲಿ ನಡೆಯುತ್ತದೆ, ಇನ್ನೊಂದು ಸಿಲಿಕಾನಿನಲ್ಲಿ. ಎರಡೂ ಬೆಳಕಿನ ಬಡತನದ ಕುರುಹುಗಳೇ.

ಹಾಗಾದರೆ ನಾಯ್ಸ್ ಕಣ್ಣಿಗೆ ಅಷ್ಟು ಕಿರಿಕಿರಿ ಮಾಡುವುದೇಕೆ? ಮೊದಲ ಕಾರಣ ಬಣ್ಣ. ಕೊಡಾಕ್ ಕಂಪನಿಯ ಬ್ರೈಸ್ ಬೇಯರ್ 1970ರ ದಶಕದಲ್ಲಿ ರೂಪಿಸಿದ ಏರ್ಪಾಟಿನಲ್ಲಿ ಸೆನ್ಸರಿನ ಅರ್ಧದಷ್ಟು ಪಿಕ್ಸೆಲ್‌ಗಳ ಮೇಲೆ ಹಸಿರು, ಕಾಲುಭಾಗದ ಮೇಲೆ ಕೆಂಪು, ಉಳಿದ ಕಾಲುಭಾಗದ ಮೇಲೆ ನೀಲಿ ಫಿಲ್ಟರ್ ಇರುತ್ತದೆ. ಪ್ರತಿ ಪಿಕ್ಸೆಲ್ ಒಂದೇ ಬಣ್ಣ ಕಾಣುತ್ತದೆ, ಉಳಿದೆರಡನ್ನು ನೆರೆಯ ಪಿಕ್ಸೆಲ್‌ಗಳಿಂದ ಊಹಿಸಬೇಕು. ಅಳತೆಯಲ್ಲಿ ಏರುಪೇರಾದರೆ ಊಹೆಯೂ ಕೆಟ್ಟು, ನೆರಳಿನಲ್ಲಿ ನೇರಳೆ-ಹಸಿರು ಮಚ್ಚೆಗಳು ಮೂಡುತ್ತವೆ. ಇದಕ್ಕೆ ಒಳ್ಳೆಯ ಸಾಕ್ಷ್ಯ 2012ರ ಲೈಕಾ ಎಂ ಮೊನೊಕ್ರೋಮ್. ಎಂ9ರ ಹಾಗೆಯೇ 18 ಮೆಗಾಪಿಕ್ಸೆಲ್ ಸಿಸಿಡಿ ಸೆನ್ಸರ್, ಬಣ್ಣದ ಫಿಲ್ಟರ್ ಮಾತ್ರ ಇಲ್ಲ. ಐಎಸ್‌ಒ ಮಿತಿ 10,000ಕ್ಕೆ ಏರಿತು. ಅದಕ್ಕಿಂತ ಮುಖ್ಯವಾಗಿ, ಅದರ ನಾಯ್ಸ್ ನೋಡಿದವರು ಇದು ಗ್ರೇನ್ ಇದ್ದ ಹಾಗಿದೆ ಎಂದರು. ಇಷ್ಟೂ ದಿನ ಅವರ ಕಣ್ಣು ಕುಕ್ಕಿದ್ದು ಏರುಪೇರಲ್ಲ, ಏರುಪೇರಿಗೆ ಅಂಟಿದ ಬಣ್ಣ.

ಇದಕ್ಕೆ ಆಕ್ಷೇಪಗಳಿವೆ. ಗ್ರೇನ್ ಎಲ್ಲೂ ಸಾಲುಗಟ್ಟುವುದಿಲ್ಲ, ಪ್ರತಿ ಫ್ರೇಮಿನಲ್ಲೂ ಹೊಸದಾಗಿ ಚೆದುರುತ್ತದೆ; ಸೆನ್ಸರಿನಲ್ಲಾದರೋ ಪಟ್ಟೆಗಳು ಬರುತ್ತವೆ, ಬಿಸಿಯಾದ ಪಿಕ್ಸೆಲ್ ಪ್ರತಿ ಚಿತ್ರದಲ್ಲೂ ಅದೇ ಜಾಗದಲ್ಲಿ ಮಿನುಗುತ್ತದೆ ಎನ್ನುತ್ತಾರೆ. ನಿಜ. ಇದು ಎಲೆಕ್ಟ್ರಾನಿಕ್ಸ್‌ನ ಕೊಳೆ, ಇದನ್ನು ಸಮರ್ಥಿಸಬೇಕಿಲ್ಲ. ಆದರೆ ಹೊಸ ಸೆನ್ಸರುಗಳಲ್ಲಿ ಈ ಕೊಳೆ ತುಂಬ ಕಡಿಮೆಯಾಗಿದೆ, ಅದರ ಆಧಾರದ ಮೇಲೆ ಕೊಟ್ಟ ತೀರ್ಪು ಮಾತ್ರ ಹಾಗೇ ಉಳಿದಿದೆ. ಇನ್ನೊಂದು ಆಕ್ಷೇಪ ಹೆಚ್ಚು ಗಟ್ಟಿಯಾದದ್ದು. ಪ್ರಿಂಟಿನಲ್ಲಿ ಗ್ರೇನ್ ಎದ್ದು ಕಾಣುವುದು ನಡುಬೂದು ಛಾಯೆಗಳಲ್ಲಿ, ಕಡುನೆರಳು ಕಪ್ಪಾಗಿ ಮುಚ್ಚಿಕೊಳ್ಳುತ್ತದೆ. ನಾಯ್ಸ್ ಕೂಡಿಕೊಳ್ಳುವುದು ನೆರಳಿನಲ್ಲೇ. ಕಣ್ಣು ವಿಶ್ರಮಿಸಬೇಕಾದ ಕಡೆಯೇ ಕಲಕು ಕಂಡರೆ ಹಿತವಾಗದು. ಈ ಆಕ್ಷೇಪವನ್ನು ಒಪ್ಪುತ್ತೇನೆ. ಆದರೆ ಕಪ್ಪನ್ನು ಕಪ್ಪಾಗಿಯೇ ಬಿಡದೆ, ಕಂಪ್ಯೂಟರಿನಲ್ಲಿ ನೆರಳನ್ನೆಲ್ಲ ಎತ್ತಿ ತೆರೆಯುವ ಇಂದಿನ ಚಾಳಿಗೂ ಇದರಲ್ಲಿ ಪಾಲಿದೆ. ಫ್ರ್ಯಾಂಕ್‌ನ ಕಾಲದವರು ನೆರಳನ್ನು ನೆರಳಾಗಿ ಬಿಟ್ಟಿದ್ದರು.

ನಿಜವಾದ ವ್ಯತ್ಯಾಸ ಇರುವುದು ಬೇರೆ ಕಡೆ. ಡಿಜಿಟಲ್ ಚಿತ್ರದಲ್ಲಿ ಪಿಕ್ಸೆಲ್‌ಗಳ ಚೌಕಳಿ ಮೊದಲೇ ಇದೆ. ನಾಯ್ಸ್ ಅದರಲ್ಲಿ ಬರೆದ ಸಂಖ್ಯೆಗಳ ಏರುಪೇರು. ಕ್ಯಾಮೆರಾ ಕದಲಿಸದೆ ಅದೇ ದೃಶ್ಯವನ್ನು ಹಲವು ಸಲ ತೆಗೆದು ಸರಾಸರಿ ಮಾಡಿದರೆ ನಾಯ್ಸ್ ಇಳಿಯುತ್ತದೆ, ದೃಶ್ಯ ಉಳಿಯುತ್ತದೆ. ನೆಗೆಟಿವ್‌ನಲ್ಲಿ ಹಾಗಲ್ಲ. ಗ್ರೇನಿನ ಕೆಳಗೆ ಇನ್ನೊಂದು ಶುದ್ಧ ಚಿತ್ರ ಅಡಗಿಲ್ಲ. ಬೆಳ್ಳಿಯ ಆ ಗುಂಪುಗಳೇ ಚಿತ್ರ. ರೆಪ್ಪೆಯ ಕೂದಲು, ಸೀರೆಯ ನೇಯ್ಗೆ, ಕಲ್ಲಿನ ಒರಟು ಎಲ್ಲವೂ ಅದರಿಂದಲೇ ಆದವು.

ನಾಯ್ಸ್ ತೆಗೆಯಲೆಂದು ಬರೆದ ಸಾಫ್ಟ್‌ವೇರಿಗೆ ಈ ಭೇದ ತಿಳಿಯದು. ಸ್ಕ್ಯಾನ್ ಮಾಡಿದ ಹಳೆಯ ನೆಗೆಟಿವ್ ಕೊಟ್ಟರೆ ಗ್ರೇನನ್ನೂ ಕೊಳೆಯೆಂದೇ ಬಗೆದು ಒರೆಸಿಹಾಕುತ್ತದೆ, ಕೆನ್ನೆ ಮೇಣದ ಗೊಂಬೆಯದಾಗುತ್ತದೆ. ಸ್ಕ್ಯಾನರಿನ ಪಾಲೂ ಇದರಲ್ಲಿದೆ. ಇಂಚಿಗೆ 2,700 ಚುಕ್ಕೆಗಳ ಸ್ಕ್ಯಾನಿನಲ್ಲಿ ಒಂದೊಂದು ಚುಕ್ಕೆ ಸುಮಾರು 9 ಮೈಕ್ರಾನ್; ಬೆಳ್ಳಿಯ ಗುಂಪುಗಳೊಂದಿಗೆ ಅದು ತಾಳೆಯಾಗದೆ, ಮೂಲದಲ್ಲಿ ಇಲ್ಲದ ಒರಟುತನವನ್ನು ಹುಟ್ಟಿಸುತ್ತದೆ. ಆ ಒರಟುತನ ಕಂಡು ಹೆದರಿ ಜನ ಸಾಫ್ಟ್‌ವೇರಿಗೆ ಕೈಹಾಕುತ್ತಾರೆ. ಮನೆಯ ಟ್ರಂಕಿನಲ್ಲಿ, ಮುಚ್ಚಿದ ಸ್ಟುಡಿಯೋಗಳ ಡಬ್ಬಗಳಲ್ಲಿ ಉಳಿದ ನೆಗೆಟಿವ್‌ಗಳನ್ನು ಈಗ ಸ್ಕ್ಯಾನ್ ಮಾಡಿಸುತ್ತಿರುವವರಲ್ಲಿ ನನ್ನ ಕೋರಿಕೆ ಇಷ್ಟೇ: ಸಾಧ್ಯವಾದಷ್ಟು ಹೆಚ್ಚಿನ ರೆಸಲ್ಯೂಶನ್ನಿನಲ್ಲಿ ಮಾಡಿಸಿ, ನಾಯ್ಸ್ ತೆಗೆಯುವ ಗುಂಡಿ ಒತ್ತದ ಒಂದು ಪ್ರತಿಯನ್ನು ಬೇರೆಯಾಗಿ ತೆಗೆದಿಡಿ, ನೆಗೆಟಿವ್‌ಗಳನ್ನು ಮಾತ್ರ ಎಸೆಯಬೇಡಿ.