ಬಳ್ಳಾರಿ ಸೀಮೆ, ಫ್ರೆಂಚರು ಮತ್ತು 1788ರ ಪ್ಯಾರಿಸ್ ಯಾತ್ರೆ

ಫ್ರಾನ್ಸಿನ ಅರಮನೆ, ತೋಟ, ಊಟೋಪಚಾರಗಳನ್ನು ಕಾಣಲೆಂದು ಹರಪನಹಳ್ಳಿ, ಹಡಗಲಿ, ಹಗರಿಬೊಮ್ಮನಹಳ್ಳಿಗಳ ಕಡೆಯಿಂದ ಪ್ರವಾಸದ ಯೋಜನೆ ಹಾಕುವವರಿಗೆ ಆ ದೇಶ ದೂರದ್ದೆನಿಸುವುದು ಸಹಜವಾದರೂ, ಹದಿನೆಂಟನೆಯ ಶತಮಾನದ ಉತ್ತರಾರ್ಧದಲ್ಲಿ ಫ್ರೆಂಚರ ಹೆಸರು ಈ ಸೀಮೆಗೆ ಅಪರಿಚಿತವಾಗಿರಲಿಲ್ಲ. ಆಗ ಹರಪನಹಳ್ಳಿ, ಜರಿಮಲೆ, ಗುಡೇಕೋಟೆ ಮೊದಲಾದ ಕಡೆ ಆಳುತ್ತಿದ್ದವರು ಪಾಳೆಯಗಾರರು, ಎಂದರೆ ದೊಡ್ಡ ಪ್ರಭುಗಳಿಗೆ ಕಪ್ಪ ಕೊಟ್ಟು, ಕರೆ ಬಂದಾಗ ದಂಡು ಕಳಿಸಿ, ಉಳಿದಂತೆ ತಮ್ಮ ನಾಡನ್ನು ತಾವೇ ಆಳಿಕೊಂಡಿದ್ದ ನಾಯಕರು. ಮೈಸೂರು, ಮರಾಠ, ನಿಜಾಮ ಈ ಮೂವರ ನಡುವೆ ಸಿಕ್ಕಿದ್ದ ಇವರ ಎದುರಿಗೆ ಫ್ರೆಂಚರು ಮೊದಲು ಬಂದದ್ದು ಕೂಲಿಯೋಧರಾಗಿ, ಕೋಟೆಯ ಇಂಜಿನಿಯರುಗಳಾಗಿ.

ಬಳ್ಳಾರಿಯ ಪಾಳೆಯಗಾರನು ಆದವಾನಿಯನ್ನು ಆಳುತ್ತಿದ್ದ ಬಸಾಲತ್ ಜಂಗನಿಗೆ ಕಪ್ಪ ಕೊಡಲು ನಿರಾಕರಿಸಿದ ಕಾರಣ 1775ರ ಸುಮಾರಿಗೆ ಆ ಊರಿಗೆ ಮುತ್ತಿಗೆ ಬಿದ್ದಿತು. ಮುತ್ತಿಗೆ ಹಾಕಿದ ಪಡೆಯಲ್ಲಿ ಲಾಲಿ ಎಂಬ ಫ್ರೆಂಚ್ ದಳಪತಿಯಿದ್ದನು. (ಪುದುಚೇರಿಯನ್ನು ಕಳೆದುಕೊಂಡು 1766ರಲ್ಲಿ ಪ್ಯಾರಿಸ್ಸಿನಲ್ಲಿ ಶಿರಚ್ಛೇದಕ್ಕೊಳಗಾದ ಲಾಲಿ ಬೇರೆ, ಈತ ಬೇರೆ.) ಪಾಳೆಯಗಾರನ ಮೊರೆ ಕೇಳಿ ಬಿರುಸಿನ ನಡೆಯಲ್ಲಿ ಬಂದ ಹೈದರ್ ಅಲಿಯು ಮುತ್ತಿಗೆಯವರನ್ನು ಓಡಿಸಿದನಾದರೂ, ಕಾಪಾಡಲು ಬಂದ ಕೋಟೆಯನ್ನು ಕೊನೆಗೆ ತಾನೇ ಇಟ್ಟುಕೊಂಡನು. ಸೋತ ಲಾಲಿಯೂ ಮುಂದೆ ಹೈದರನ ಚಾಕರಿಗೇ ಸೇರಿದನೆಂಬುದು ಆ ಕಾಲದ ಕೂಲಿಯೋಧರ ನಿಷ್ಠೆಯ ಅಳತೆಯನ್ನು ತೋರಿಸುತ್ತದೆ. ಬಳ್ಳಾರಿಯ ಕೆಳಕೋಟೆಯನ್ನು ಹೈದರನಿಗಾಗಿ ಕಟ್ಟಿಸಿದವನು ಒಬ್ಬ ಫ್ರೆಂಚ್ ಇಂಜಿನಿಯರನೆಂದೂ, ಪಕ್ಕದ ಕುಂಬಾರ ಗುಡ್ಡ ಕೋಟೆಗಿಂತ ಎತ್ತರವಾಗಿರುವುದನ್ನು ಅವನು ಗಮನಿಸದ ತಪ್ಪಿಗೆ ಅವನನ್ನು ಗಲ್ಲಿಗೇರಿಸಲಾಯಿತೆಂದೂ ಊರಿನ ಐತಿಹ್ಯ ಹೇಳುತ್ತದೆ. ಗಲ್ಲಿನ ಕತೆ ಐತಿಹ್ಯವಾಗಿಯೇ ಉಳಿದರೂ, ಕುಂಬಾರ ಗುಡ್ಡಕ್ಕೂ ಕೋಟೆಗೂ ಇರುವ ಎತ್ತರದ ವ್ಯತ್ಯಾಸವನ್ನು ಯಾರು ಬೇಕಾದರೂ ಇಂದಿಗೂ ನೋಡಬಹುದು.

ಈ ಸಂಬಂಧ ತಿರುಗಿ ಫ್ರಾನ್ಸಿನ ನೆಲವನ್ನೇ ಮುಟ್ಟಿದ್ದು ಟಿಪ್ಪುವಿನ ಕಾಲದಲ್ಲಿ. 1783ರಲ್ಲಿ ಯುರೋಪಿನಲ್ಲಿ ಇಂಗ್ಲಿಷರೊಡನೆ ಸಂಧಿಯಾದೊಡನೆ ಫ್ರೆಂಚರು ಮಂಗಳೂರಿನ ಮುತ್ತಿಗೆಯ ನಡುವೆ ಟಿಪ್ಪುವಿನ ಕೈಬಿಟ್ಟಿದ್ದರು. ಆ ಮೈತ್ರಿಯನ್ನು ಮತ್ತೆ ಗಟ್ಟಿಮಾಡಿಕೊಳ್ಳಲು ಅವನು ಮುಹಮ್ಮದ್ ದರ್ವೇಶ್ ಖಾನ್, ಅಕ್ಬರ್ ಅಲಿ ಖಾನ್, ಮುಹಮ್ಮದ್ ಉಸ್ಮಾನ್ ಖಾನ್ ಎಂಬ ಮೂವರು ರಾಯಭಾರಿಗಳನ್ನು ಹದಿನಾರನೆಯ ಲೂಯಿಯ ಆಸ್ಥಾನಕ್ಕೆ ಕಳಿಸಿದನು. ಮರಾಠರೊಡನೆ ಸಂಧಿ ಮಾಡಿಕೊಂಡು ಹಿಂದಿರುಗುತ್ತ ರಾಯದುರ್ಗ, ಹರಪನಹಳ್ಳಿಗಳ ಪಾಳೆಯಗಾರರನ್ನು ಸೆರೆಹಿಡಿದು ಅವರ ಸಂಸ್ಥಾನಗಳನ್ನು ಟಿಪ್ಪು ಮೈಸೂರಿಗೆ ಸೇರಿಸಿಕೊಂಡದ್ದೂ, ರಾಯಭಾರಿಗಳ ಹಡಗು ಪುದುಚೇರಿಯನ್ನು ಬಿಟ್ಟದ್ದೂ 1787ರಲ್ಲಿಯೇ.

ಮಾರಿಷಸ್, ಗುಡ್ ಹೋಪ್ ಭೂಶಿರಗಳನ್ನು ಬಳಸಿಕೊಂಡು ಸಾಗಿದ ಹಡಗು 1788ರ ಜೂನ್‌ನಲ್ಲಿ ಟೂಲಾನ್ ಬಂದರನ್ನು ತಲುಪಿತು. ಹೋಗುವ ದಾರಿಗೇ ಹತ್ತಿರ ಹತ್ತಿರ ಒಂದು ವರ್ಷ ಹಿಡಿದಿತ್ತು. ಪ್ಯಾರಿಸ್ಸಿನಲ್ಲಿ ಅವರನ್ನು ನೋಡಲು ಜನ ಕಿಕ್ಕಿರಿದರು, ಚಿತ್ರಕಾರರು ಬೆನ್ನುಬಿದ್ದರು. ರಾಜಮನೆತನದ ಪಿಂಗಾಣಿ ಕಾರ್ಖಾನೆಯಾದ ಸೆವ್ರ್‌ಗೂ ಸಾಂ ಕ್ಲೂ ಉದ್ಯಾನಕ್ಕೂ ಅವರು ಹೋಗಿಬಂದರು. ಉದ್ಯಾನದಲ್ಲಿ ಅವರು ಅಡ್ಡಾಡುವುದನ್ನು ಆಸ್ಲೆಂ ಎಂಬ ಕಲಾವಿದ ಚಿತ್ರಿಸಿದ್ದಾನೆ. ಊಟದ ವಿಷಯದಲ್ಲಿ ಮಾತ್ರ ಫ್ರೆಂಚ್ ರುಚಿಗಿಂತ ತಮ್ಮ ರುಚಿಯೇ ಅವರಿಗೆ ಹಿತವಾಗಿದ್ದಂತೆ ಕಾಣುತ್ತದೆ. ದರ್ವೇಶ್ ಖಾನನ ಭಾವಚಿತ್ರ ಬರೆದ ಖ್ಯಾತ ಕಲಾವಿದೆ ಎಲಿಜಬೆತ್ ವಿಜೆ ಲ ಬ್ರನ್, ತನ್ನನ್ನು ಊಟಕ್ಕೆ ಕರೆದ ರಾಯಭಾರಿಗಳು ನೆಲದ ಮೇಲೆ ಕುಳಿತು, ಮಸಾಲೆ ತುಂಬಿದ ಕುರಿಮಾಂಸದ ಅಡುಗೆಯನ್ನು ಕೈಯಿಂದಲೇ ಬಡಿಸಿದ್ದನ್ನು ತನ್ನ ನೆನಪುಗಳಲ್ಲಿ ದಾಖಲಿಸಿದ್ದಾಳೆ. ಆ ಭಾವಚಿತ್ರವನ್ನು ಖಾನನು ಮಂಚದ ಹಿಂದೆ ಬಚ್ಚಿಟ್ಟು ಹಿಂದಿರುಗಿಸಲು ಒಪ್ಪದಿದ್ದುದರಿಂದ, ಅದನ್ನು ಉಪಾಯದಿಂದ ತರಿಸಿಕೊಳ್ಳಬೇಕಾಯಿತೆಂದೂ ಅವಳು ಬರೆದಿದ್ದಾಳೆ.

1788ರ ಆಗಸ್ಟ್ 10ರಂದು ವರ್ಸೇಲ್ಸ್ ಅರಮನೆಯಲ್ಲಿ ನಡೆದ ಒಡ್ಡೋಲಗ ಎಷ್ಟು ಅದ್ದೂರಿಯಾಗಿತ್ತೋ ಫಲ ಅಷ್ಟೇ ಬಡವಾಗಿತ್ತು. ಬೊಕ್ಕಸ ಬರಿದಾಗಿ, ಪಾದ್ರಿಗಳು, ಶ್ರೀಮಂತರು, ಸಾಮಾನ್ಯರು ಈ ಮೂರು ವರ್ಗಗಳ ಪ್ರತಿನಿಧಿಗಳು ಸೇರುವ ವರ್ಗಸಭೆಯನ್ನು (ಎಸ್ಟೇಟ್ಸ್ ಜನರಲ್) ಕರೆಯುವ ನಿರ್ಧಾರವನ್ನು ಎರಡು ದಿನ ಮೊದಲಷ್ಟೇ ಪ್ರಕಟಿಸಿದ್ದ ರಾಜನಿಗೆ ಇಂಡಿಯಾಕ್ಕೆ ಸೈನ್ಯ ಕಳಿಸುವ ಶಕ್ತಿಯಿರಲಿಲ್ಲ. ದೊರೆತದ್ದು ಪಿಂಗಾಣಿಯ ಉಡುಗೊರೆ, ಗಿಡ-ಬೀಜಗಳು, ಜೊತೆಗೆ ತೋಟಗಾರರೂ ಕುಶಲಕರ್ಮಿಗಳೂ ಸೇರಿದ ಒಂದು ತಂಡ. ರಾಜಕಾರಣದ ಲೆಕ್ಕದಲ್ಲಿ ಈ ಯಾತ್ರೆ ಸೋಲೇ. ಆದರೆ ಕನ್ನಡ ನಾಡಿನ ಅರಸೊತ್ತಿಗೆಯಿಂದ ಹೊರಟವರು ಫ್ರಾನ್ಸನ್ನು ಕಂಡ, ಫ್ರಾನ್ಸ್ ಅವರನ್ನು ಕಂಡ ದಾಖಲೆಯಾಗಿ ಇದಕ್ಕೆ ಸಮನಾದದ್ದು ಆ ಶತಮಾನದಲ್ಲಿ ಇನ್ನೊಂದಿಲ್ಲ. ರಾಯಭಾರಿಗಳು 1789ರಲ್ಲಿ ಮರಳಿದರು. ಹತ್ತು ವರ್ಷಗಳಲ್ಲಿ ಟಿಪ್ಪುವೂ ಇಲ್ಲವಾದನು. ನಿಜಾಮನ ಪಾಲಿಗೆ ಹೋಗಿದ್ದ ಬಳ್ಳಾರಿ ಸೀಮೆ 1800ರಲ್ಲಿ ಇಂಗ್ಲಿಷ್ ಕಂಪನಿಗೆ ಬಿಟ್ಟುಕೊಟ್ಟ ಜಿಲ್ಲೆಗಳಲ್ಲಿ ಒಂದಾಗಿ, ಥಾಮಸ್ ಮನ್ರೋನ ಕಂದಾಯದ ಆಡಳಿತಕ್ಕೆ ಬಂದಿತು.

ದರ್ವೇಶ್ ಖಾನನ ಭಾವಚಿತ್ರ 2019ರ ಜನವರಿಯಲ್ಲಿ ನ್ಯೂಯಾರ್ಕಿನ ಹರಾಜಿನಲ್ಲಿ ಸುಮಾರು 72 ಲಕ್ಷ ಡಾಲರಿಗೆ ಮಾರಾಟವಾಯಿತು. ವರ್ಸೇಲ್ಸ್‌ಗೆ ಹೋಗುವ ಕನ್ನಡ ಪ್ರವಾಸಿಗರು ಕನ್ನಡಿಗಳ ಮಹಲಿನಲ್ಲೇ ಹೊತ್ತು ಕಳೆದು ಹಿಂದಿರುಗದೆ, ಮೈಸೂರಿನ ರಾಯಭಾರಿಗಳನ್ನು ರಾಜನು ಬರಮಾಡಿಕೊಂಡ ಹರ್ಕ್ಯುಲಿಸ್ ಸಭಾಂಗಣವನ್ನೂ ನೋಡಿಬರಬೇಕು.