ಹಲ್ಲಿನ ಸಂದಿಯ ಕೋಟೆ

ಹಾಲೆಂಡಿನ ಡೆಲ್ಫ್ಟ್ ಪಟ್ಟಣದ ಬಟ್ಟೆ ವ್ಯಾಪಾರಿ ಆಂಟೋನಿ ವಾನ್ ಲೇವನ್‌ಹುಕ್ ದಿನವೂ ಉಪ್ಪಿನಿಂದ ಹಲ್ಲುಜ್ಜುತ್ತಿದ್ದ. ಮಿಸ್ವಾಕ್ ಬಿಡದ ನಮ್ಮ ಹಿರಿಯರ ಹಾಗೆ ಅವನಿಗೂ ತನ್ನ ಹಲ್ಲಿನ ಬಗ್ಗೆ ಅಭಿಮಾನವಿತ್ತು. ಆದರೂ ಸಂದಿಯಲ್ಲಿ ಹಿಟ್ಟಿನಂಥ ಬಿಳಿ ಕೊಳೆ ಉಳಿಯುತ್ತಿತ್ತು. 1683ರಲ್ಲಿ ಅದನ್ನು ತಾನೇ ತಯಾರಿಸಿದ ಸೂಕ್ಷ್ಮದರ್ಶಕದಲ್ಲಿ ನೋಡಿ, ಅದರಲ್ಲಿ ಓಡಾಡುವ ಜೀವಿಗಳಿವೆಯೆಂದು ಲಂಡನ್ನಿನ ರಾಯಲ್ ಸೊಸೈಟಿಗೆ ಪತ್ರ ಬರೆದ.

ಈ ಕಥೆ ಹಲವರಿಗೆ ಗೊತ್ತು. ಅದೇ ಪತ್ರದ ಇನ್ನೊಂದು ಮಾತು ಮಾತ್ರ ಮರೆತುಹೋಯಿತು. ಖಾರವಾದ ವಿನೆಗರ್‌ನಿಂದ ಬಾಯಿ ಮುಕ್ಕಳಿಸಿದರೂ ಆ ಜೀವಿಗಳು ಸಾಯಲಿಲ್ಲ. ಕೊಳೆಯನ್ನು ಹೊರತೆಗೆದು ವಿನೆಗರ್ ಬೆರೆಸಿದಾಗ ಸತ್ತವು. ವಿನೆಗರ್ ಹೊರಮೈಯಲ್ಲಿದ್ದವನ್ನಷ್ಟೇ ಕೊಲ್ಲುತ್ತದೆ, ಒಳಗೆ ಇಳಿಯುವುದಿಲ್ಲ ಎಂದು ಅವನು ತೀರ್ಮಾನಿಸಿದ.

ಮುಂದೆ ಬಂದ ಆ್ಯಂಟಿಬಯೋಟಿಕ್‌ಗಳನ್ನು ಪ್ರಯೋಗಾಲಯದ ದ್ರವದಲ್ಲಿ ಬಿಡಿಬಿಡಿಯಾಗಿ ತೇಲುವ ಬ್ಯಾಕ್ಟೀರಿಯಾಗಳ ಮೇಲೆಯೇ ಹೆಚ್ಚಾಗಿ ಪರೀಕ್ಷಿಸಲಾಯಿತು. ಅವು ತಾವೇ ಸ್ರವಿಸಿದ ಲೋಳೆಯೊಳಗೆ ಗುಂಪಾಗಿ ಅಂಟಿಕೊಂಡು ಬಾಳುವುದೇ ಸಾಮಾನ್ಯ ಎಂದು ಕೆನಡಾದ ವಿಜ್ಞಾನಿ ಕಾಸ್ಟರ್‌ಟನ್ ಮತ್ತು ಸಂಗಡಿಗರು ಒತ್ತಿ ಹೇಳಿದ್ದು 1978ರಲ್ಲಿ. ಇದಕ್ಕೀಗ 'ಬಯೋಫಿಲ್ಮ್' ಎಂಬ ಹೆಸರಿದೆ. ಅದರ ಆಳದಲ್ಲಿ ಆಹಾರ, ಆಮ್ಲಜನಕ ಎರಡೂ ಕಡಿಮೆ. ಅಲ್ಲಿನ ಬ್ಯಾಕ್ಟೀರಿಯಾಗಳು ಬೆಳೆಯದೆ ಅರೆನಿದ್ರೆಯಲ್ಲಿರುತ್ತವೆ. ಅನೇಕ ಔಷಧಗಳು ಕೊಲ್ಲುವುದೋ, ಬೆಳೆಯುತ್ತಿರುವ ಬ್ಯಾಕ್ಟೀರಿಯಾಗಳನ್ನು!

ಮೂತ್ರದ ನಳಿಕೆ ಹಾಕಿಸಿಕೊಂಡವರಿಗೆ ಮಾತ್ರೆಯಿಂದ ಇಳಿದ ಜ್ವರ ಮತ್ತೆ ಬಂದರೆ, ಮನೆಯವರು ಪಥ್ಯವನ್ನೋ ವೈದ್ಯರನ್ನೋ ದೂರುತ್ತಾರೆ. ಎಷ್ಟೋ ಸಲ ಬ್ಯಾಕ್ಟೀರಿಯಾ ನಳಿಕೆಯ ಒಳಗೋಡೆಗೆ ಅಂಟಿ ಕುಳಿತಿರುತ್ತದೆ. ಹಳೆಯ ನಳಿಕೆಯನ್ನೇ ತೆಗೆಸಿ ಎಂದು ವೈದ್ಯರು ಹೇಳುವುದು ಇದಕ್ಕೇ.