ಅಪ್ಪಣೆ ಕೇಳಿ ಹೋದವರು

ಪರದೇಶಕ್ಕೆ ಹೊರಟ ಮಿಷನ್ ತಂಡವೆಂದರೆ ಕೊಡಲು ಹೊರಟವರ ತಂಡ ಎಂಬುದು ನಮ್ಮ ರೂಢಿಯ ತಿಳಿವಳಿಕೆ. ಸುವಾರ್ತೆ, ಶಾಲೆ, ಔಷಧಿ, ಹೀಗೆ ಏನಾದರೊಂದನ್ನು ಹೊತ್ತುಕೊಂಡೇ ಅದು ಹಡಗು ಹತ್ತುತ್ತದೆ. ಎರಡನೇ ಮಹಾಯುದ್ಧ ಮುಗಿದ ಹದಿಮೂರು ವರ್ಷಕ್ಕೆ ಜರ್ಮನಿಯಲ್ಲಿ ಹುಟ್ಟಿದ ಒಂದು ಸಂಘಟನೆ ಈ ಲೆಕ್ಕವನ್ನು ತಿರುವುಮುರುವು ಮಾಡಿತು. 1958ರ ಏಪ್ರಿಲ್ 30ರಂದು ಬರ್ಲಿನ್ನಿನಲ್ಲಿ ಸೇರಿದ್ದ ಪ್ರಾಟೆಸ್ಟೆಂಟ್ ಸಭೆಗಳ ಪ್ರತಿನಿಧಿಗಳ ಸಿನೊಡ್‌ನಲ್ಲಿ ಲೋಥರ್ ಕ್ರೈಸಿಗ್ ಒಂದು ಮನವಿಯನ್ನು ಮುಂದಿಟ್ಟರು. ಇವರು ಹಿಂದೆ ನ್ಯಾಯಾಧೀಶರು. 1940ರಲ್ಲಿ ನಾತ್ಸಿ ಆಡಳಿತದಲ್ಲಿ ಮಾನಸಿಕ ರೋಗಿಗಳನ್ನು ಗುಟ್ಟಾಗಿ ಮುಗಿಸಲಾಗುತ್ತಿದೆ ಎಂದು ತಿಳಿದಾಗ ಅದನ್ನು ಕೊಲೆ ಎಂದೇ ಕರೆದು ದೂರು ಕೊಟ್ಟು, ಹುದ್ದೆ ಕಳೆದುಕೊಂಡವರು. ಯುದ್ಧ ಶುರುಮಾಡಿದವರು ನಾವು, ಲಕ್ಷಾಂತರ ಯಹೂದಿಗಳನ್ನು ಕೊಂದವರು ನಾವು, ಅದು ಬೇಡವೆಂದಿದ್ದವರೂ ತಡೆಯಲು ಸಾಕಷ್ಟು ಮಾಡಲಿಲ್ಲ ಎಂಬ ಒಪ್ಪಿಗೆಯಿಂದ ಆ ಮನವಿ ತೊಡಗುತ್ತದೆ. ಆಮೇಲೆ ಬರುವುದು ಕೊಡುಗೆಯ ಮಾತಲ್ಲ, ಬೇಡಿಕೆ: ನಮ್ಮಿಂದ ನೊಂದ ನಾಡುಗಳೇ, ನಿಮ್ಮಲ್ಲಿ ಒಂದು ಚರ್ಚನ್ನೋ ಆಸ್ಪತ್ರೆಯನ್ನೋ ನಮ್ಮ ಕೈಯಿಂದ ಕಟ್ಟಲು ಅಪ್ಪಣೆ ಕೊಡಿ. ಯುದ್ಧದ ನಂತರ ಯುರೋಪಿನ ಸಭೆಗಳು ಮತ್ತೆ ಹತ್ತಿರವಾದದ್ದರಲ್ಲಿ ಈ ಅಪ್ಪಣೆಯ ಪಾಲು ಇಟ್ಟಿಗೆ ಗಾರೆಗಿಂತ ದೊಡ್ಡದು ಎಂಬುದು ನನ್ನ ವಾದ.

ಸಂಘಟನೆಯ ಹೆಸರು ಆಕ್ಟ್ಸಿಯೋನ್ ಝ್ಯೂನೆತ್ಸೈಖೆನ್. ಕನ್ನಡದಲ್ಲಿ ಪ್ರಾಯಶ್ಚಿತ್ತದ ಕುರುಹು ಎನ್ನಬಹುದು. ಹೆಸರಿನಲ್ಲಿರುವುದು ರಾಜಿಯಲ್ಲ, ಪ್ರಾಯಶ್ಚಿತ್ತ. ಇಬ್ಬರೂ ಒಪ್ಪದೆ ರಾಜಿಯಾಗುವುದಿಲ್ಲ. ಪ್ರಾಯಶ್ಚಿತ್ತವನ್ನು ತಪ್ಪು ಮಾಡಿದವನು ಒಬ್ಬನೇ ಮಾಡಬಹುದು, ಎದುರಿನವನು ಕ್ಷಮಿಸಲಿ ಬಿಡಲಿ. ಕುರುಹು ಎಂಬ ಪದವೂ ಅಷ್ಟೇ ಜಾಗರೂಕವಾದದ್ದು: ಅದು ಬರಿ ಗುರುತು, ತೀರಿಸಿದ ಲೆಕ್ಕವಲ್ಲ. ಈ ಜಾಗರೂಕತೆ ಏಕೆ ಬೇಕು ಎಂಬುದಕ್ಕೆ ಹಿಂದಿನ ಉದಾಹರಣೆಯಿತ್ತು. 1920ರಲ್ಲಿ ಸ್ವಿಟ್ಜರ್ಲೆಂಡಿನ ಪಿಯೆರ್ ಸೆರೆಸೋಲ್ ಫ್ರಾನ್ಸಿನ ವರ್ಡನ್ ಬಳಿಯ ಎನ್ ಎಂಬ ಹಾಳಾದ ಹಳ್ಳಿಯನ್ನು ಎತ್ತಿ ನಿಲ್ಲಿಸಲು ಹಲವು ದೇಶಗಳ ತಂಡ ಕಟ್ಟಿಕೊಂಡು ಹೋಗಿದ್ದರು. ತಂಡದಲ್ಲಿ ಜರ್ಮನರೂ ಇದ್ದರು. ಕೆಲಸ ಚೆನ್ನಾಗಿಯೇ ನಡೆದಿತ್ತು, ಆದರೆ ಜರ್ಮನರ ಕೈಯಿಂದ ಪುಕ್ಕಟೆ ಸಹಾಯ ಸ್ಥಳೀಯರಿಗೆ ಬೇಕಿರಲಿಲ್ಲ. ಕೆಲವೇ ತಿಂಗಳಲ್ಲಿ ತಂಡ ಗಂಟುಮೂಟೆ ಕಟ್ಟಬೇಕಾಯಿತು. ಒಳ್ಳೆಯ ಮನಸ್ಸು, ಗಟ್ಟಿ ರಟ್ಟೆ ಎರಡೂ ಇದ್ದೂ ಕೆಲಸ ಮುರಿದುಬಿತ್ತು. ಇಲ್ಲದ್ದು ಆತಿಥೇಯರ ಒಪ್ಪಿಗೆ.

1959ರಿಂದ ಝ್ಯೂನೆತ್ಸೈಖೆನ್ ಕಳಿಸಿದ ತಂಡಗಳು ಎಲ್ಲಿಗೆ ಹೋದವು, ಏನು ಕಟ್ಟಿದವು ಎಂದು ನೋಡಿದರೆ ಈ ವ್ಯತ್ಯಾಸ ಕಾಣುತ್ತದೆ. ನಾರ್ವೆಯ ತುತ್ತತುದಿಯ ಫಿನ್‌ಮಾರ್ಕನ್ನು ಹಿಮ್ಮೆಟ್ಟುತ್ತಿದ್ದ ಜರ್ಮನ್ ಸೇನೆ 1944ರಲ್ಲಿ ಸುಟ್ಟುಹಾಕಿತ್ತು. ಅಲ್ಲಿನ ಕೋಕೆಲ್ವ್ ಎಂಬ ಸಣ್ಣ ಊರಿನ ಚರ್ಚ್ 1960ರಲ್ಲಿ ಮತ್ತೆ ಎದ್ದದ್ದು ಜರ್ಮನ್ ಯುವಕರ ಕೈಯಿಂದ. ಸುಟ್ಟದ್ದನ್ನೇ ಮರಳಿ ಕಟ್ಟಿದ್ದು, ಅದೂ ಊರಿನವರ ಚರ್ಚು, ಕಟ್ಟಲು ಬಂದವರದಲ್ಲ. ಫ್ರಾನ್ಸಿನ ಟೇಝೆಯಲ್ಲಿ ವಿಷಯ ಇನ್ನೂ ಸೂಕ್ಷ್ಮ. ಕ್ಯಾಥೊಲಿಕ್ ಹಳ್ಳಿಯೊಂದರಲ್ಲಿ ಪ್ರಾಟೆಸ್ಟೆಂಟ್ ಮೂಲದ ಸಹೋದರರು ಮಠ ಹೂಡಿದ್ದರು. ಮುಖ್ಯಸ್ಥರಾದ ಬ್ರದರ್ ರೋಜರ್ ಯುದ್ಧಕಾಲದಲ್ಲಿ ಯಹೂದಿಗಳೂ ಸೇರಿದಂತೆ ನಿರಾಶ್ರಿತರಿಗೆ ಅಲ್ಲಿಯೇ ಆಸರೆ ಕೊಟ್ಟವರು. ಹಳ್ಳಿಯ ಹಳೆಯ ಚರ್ಚು ಸಾಲದಾದಾಗ ಹೊಸದನ್ನು ಕಟ್ಟಿಕೊಟ್ಟದ್ದು ಝ್ಯೂನೆತ್ಸೈಖೆನ್ ತಂಡ. 1962ರ ಆಗಸ್ಟ್ 6ರಂದು, ಅಂದರೆ ಕ್ಯಾಥೊಲಿಕ್ ಸಭೆಯ ಎರಡನೇ ವ್ಯಾಟಿಕನ್ ಮಹಾಸಭೆ ಸೇರುವುದಕ್ಕೂ ಎರಡು ತಿಂಗಳು ಮೊದಲು, ಅದರ ಬಾಗಿಲು ತೆರೆಯಿತು. ಇಷ್ಟು ದೊಡ್ಡದು ಯಾರಿಗೆ ಎಂಬ ಅನುಮಾನ ಆಗ ಇತ್ತಂತೆ. 1971ರ ಈಸ್ಟರಿಗೆ ಬಂದ ಯುವಜನರಿಗೆ ಜಾಗ ಸಾಲದೆ ಮುಂಗೋಡೆಯನ್ನೇ ಒಡೆದು ಡೇರೆ ಜೋಡಿಸಬೇಕಾಯಿತು.

ಇಂಗ್ಲೆಂಡಿನ ಕೊವೆಂಟ್ರಿಯದು ಎಲ್ಲಕ್ಕಿಂತ ಸ್ಪಷ್ಟ ಉದಾಹರಣೆ. 1940ರ ನವೆಂಬರ್ 14ರ ರಾತ್ರಿ ಜರ್ಮನ್ ಬಾಂಬುಗಳು ಆ ಊರಿನ ಕ್ಯಾಥೆಡ್ರಲನ್ನು ಬರಿ ಗೋಡೆಗಳಾಗಿ ಉಳಿಸಿದ್ದವು. 1961ರಲ್ಲಿ ಹದಿನಾರು ಜರ್ಮನ್ ಯುವಜನರು ಅದೇ ಅವಶೇಷದೊಳಗೆ ಒಂದು ಅಂತರರಾಷ್ಟ್ರೀಯ ಕೇಂದ್ರ ಕಟ್ಟಲು ಬಂದರು. ಅಪ್ಪಣೆ ಕೊಟ್ಟವರೇ ಆಮೇಲೆ ಅಪ್ಪಣೆ ಕೇಳಿದರು: 1965ರಲ್ಲಿ ಕೊವೆಂಟ್ರಿಯಿಂದ ಹೊರಟ ಬ್ರಿಟಿಷ್ ಯುವತಂಡ ಕಮ್ಯುನಿಸ್ಟ್ ಪೂರ್ವ ಜರ್ಮನಿಯ ಡ್ರೆಸ್ಡನ್‌ಗೆ ಹೋಗಿ, 1945ರ ಫೆಬ್ರವರಿಯಲ್ಲಿ ಮುಖ್ಯವಾಗಿ ಬ್ರಿಟಿಷ್ ವಿಮಾನಗಳಿಂದ ನೆಲಕಚ್ಚಿದ್ದ ನಗರದಲ್ಲಿ ಕ್ರೈಸ್ತ ಸೇವಕಿಯರ ಆಸ್ಪತ್ರೆಯ ಒಂದು ಭಾಗವನ್ನು ಮತ್ತೆ ಕಟ್ಟಿತು. ಎರಡು ಪ್ರಾಟೆಸ್ಟೆಂಟ್ ದೇಶಗಳ ಸಭೆಗಳು ಯುದ್ಧದಲ್ಲಿ ಎದುರಾದರೆ ಏನಾಗುತ್ತದೆಂದು ಮಂಗಳೂರಿಗೆ ಗೊತ್ತು. 1914ರ ಯುದ್ಧದಲ್ಲಿ ಅಲ್ಲಿ ಕೆಲಸ ಮಾಡುತ್ತಿದ್ದ ಬಾಸೆಲ್ ಮಿಷನ್ನಿನ ಜರ್ಮನರನ್ನು ಬ್ರಿಟಿಷ್ ಸರ್ಕಾರ ಬಂಧನದಲ್ಲಿಟ್ಟಿತ್ತು.

ಹದಿನಾರು ಮಂದಿ ಎಳೆಯರು ಹೊತ್ತ ಕಲ್ಲಿನಿಂದ ಸಭೆಗಳು ಒಂದಾದವೇ, ಊರಿನ ಮೇಸ್ತ್ರಿ ಅದನ್ನು ಕಡಿಮೆ ಖರ್ಚಿನಲ್ಲಿ ಅಚ್ಚುಕಟ್ಟಾಗಿ ಮಾಡುತ್ತಿರಲಿಲ್ಲವೇ ಎಂದು ಕೇಳಬಹುದು. ಮಾಡುತ್ತಿದ್ದ. ಇಂದಿನ ಎಷ್ಟೋ ಬೇಸಗೆ ರಜೆಯ ಮಿಷನ್ ಪ್ರವಾಸಗಳ ಬಗ್ಗೆ ಈ ಪ್ರಶ್ನೆ ನ್ಯಾಯವಾದದ್ದೇ. ಆದರೆ ಕೊವೆಂಟ್ರಿಗೆ ಕೊರತೆಯಿದ್ದದ್ದು ಗಾರೆಕೆಲಸದವರದಲ್ಲ. ಶತ್ರುವಿನ ಮಕ್ಕಳಿಗೆ ತಿಂಗಳುಗಟ್ಟಲೆ ಊರಿನಲ್ಲಿ ಇರಲು ಎಡೆಕೊಡುವುದು ಬೇರೆಯೇ ಕೆಲಸ, ಅದನ್ನು ಗುತ್ತಿಗೆ ಕೊಡಲಾಗದು. ಇನ್ನೊಂದು ಆಕ್ಷೇಪ: ಯುದ್ಧಕಾಲದಲ್ಲಿ ಮಕ್ಕಳಾಗಿದ್ದವರು ಪ್ರಾಯಶ್ಚಿತ್ತ ಮಾಡುವುದೇಕೆ, ತಪ್ಪಿತಸ್ಥರು ಹಾಯಾಗಿ ಮನೆಯಲ್ಲಿರುವಾಗ? ಇದು ಆ ಪೀಳಿಗೆಗೆ ಆದ ಅನ್ಯಾಯವೆಂದೇ ನನಗೂ ಅನ್ನಿಸುತ್ತದೆ. ಆದರೆ ಅನ್ಯಾಯ ಅವರನ್ನು ಕಳಿಸಿದ ಸಂಘಟನೆಯದಲ್ಲ, ಬಾಯಿಬಿಡದ ಹಿರಿಯರದು. ಹೋದವರು ಸ್ವಂತ ಇಚ್ಛೆಯಿಂದ ಹೋದರು.

ಎಲ್ಲಕ್ಕಿಂತ ಭಾರವಾದ ಆಕ್ಷೇಪ ಬೇರೆ. ಕ್ರೈಸ್ತರು ಕ್ರೈಸ್ತರೊಡನೆ ಕೂಡಿಕೊಳ್ಳುವುದು ಸುಲಭ. ಅತಿ ಹೆಚ್ಚು ನೊಂದವರು ಯಹೂದಿಗಳು, ಸಭೆಗಳ ಐಕ್ಯದ ಸಂಭ್ರಮ ಅವರನ್ನು ಮರೆಸುವುದಿಲ್ಲವೇ? ಮರೆಸಬಹುದಿತ್ತು. ಮನವಿಯಲ್ಲಿ ಹೆಸರಿಸಿದ್ದು ಪೋಲೆಂಡ್, ರಷ್ಯಾ, ಇಸ್ರೇಲ್‌ಗಳನ್ನು. ಮೊದಲು ಬಾಗಿಲು ತೆರೆದದ್ದು ನಾರ್ವೆ, ಹಾಲೆಂಡ್‌ಗಳು. ಆದರೂ ಸಂಘಟನೆ ಸಭೆಗಳ ಅಂಗಳದಲ್ಲೇ ನಿಲ್ಲಲಿಲ್ಲ. ಫ್ರಾನ್ಸಿನ ವಿಲ್ಯೂರ್ಬಾನ್‌ನಲ್ಲಿ ಅದರ ಯುವಕರು ಸಿನಗಾಗ್ ಕಟ್ಟಲು ನೆರವಾದರು, 1961ರಲ್ಲಿ ಇಸ್ರೇಲಿಗೆ ಹೋದರು. ಅದೇ ವರ್ಷ ಎದ್ದ ಬರ್ಲಿನ್ ಗೋಡೆ ಸಂಘಟನೆಯನ್ನೂ ಎರಡಾಗಿ ಸೀಳಿತು. ಪೂರ್ವದವರಿಗೆ ಪಶ್ಚಿಮದ ದಾರಿ ಮುಚ್ಚಿತ್ತು. ಅವರು ತಮ್ಮದೇ ಮಾಗ್ಡೆಬರ್ಗಿನ ಹಾಳು ಚರ್ಚುಗಳ ಕಲ್ಲುಮಣ್ಣು ತೆಗೆಯುತ್ತ ಕಾದರು. ಪೋಲೆಂಡಿಗೆ ಅವರ ತಂಡವೊಂದು ಹೋದದ್ದು 1965ರಲ್ಲಿ. ಸೈಕಲ್ ತುಳಿದುಕೊಂಡು, ಯಹೂದಿಗಳನ್ನು ಕೊಂದ ಶಿಬಿರವಿದ್ದ ಆಶ್ವಿಟ್ಸ್‌ಗೆ ಹೋದರು.